ಒಂದು ತುಂಡು ಸೀಸ

ನೀರಿಗಿಳಿಯುವ ಮೊದಲು ಮಾಲ್‌ಸುನ್ ದೊಡ್ಡಮ್ಮನ ಸೊಂಟಕ್ಕೆ ಸೀಸದ ತುಂಡುಗಳನ್ನು ಪೋಣಿಸಿದ ಪಟ್ಟಿ ಬಿಗಿಯುವುದು ಇನ್‌ಜಾಳ ಕೆಲಸವಾಗಿತ್ತು. ದೊಡ್ಡಮ್ಮನಿಗೆ ಎಪ್ಪತ್ತೆಂಟು ವರ್ಷ. ಭುಜ ಹಿಡಿದುಕೊಂಡು ಕೈ ಹಿಂದಕ್ಕೆ ಹೋಗುತ್ತಿರಲಿಲ್ಲ. ಜೇಜು ದ್ವೀಪದ ಆ ಊರಿನ ಹೆಂಗಸರು ಉಸಿರು ಕಟ್ಟಿ ಕಡಲ ತಳಕ್ಕಿಳಿದು ಚಿಪ್ಪು ಕಿತ್ತು ತರುವವರು. ರಬ್ಬರಿನ ಉಡುಪು ಮೈಯನ್ನು ಮೇಲಕ್ಕೆ ತಳ್ಳುತ್ತದೆ, ಸೀಸ ಕೆಳಕ್ಕೆ ಎಳೆಯುತ್ತದೆ. ಎರಡೂ ಸರಿತೂಗಿದರೆ ಮಾತ್ರ ಅನ್ನ.

ಇನ್‌ಜಾಳ ತೂಕ ತಪ್ಪಿದ್ದು ಮಾತ್ರೆಯಿಂದ. ಕಳೆದ ಚಳಿಗಾಲವೆಲ್ಲ ಅವಳು ಗೋಡೆಗೆ ಮುಖ ಮಾಡಿ ಮಲಗಿದ್ದಳು. ಬೆನ್ನುನೋವು ಎಂದು ಊರಿಗೆ ಹೇಳಿ, ಬಸ್ಸು ಹತ್ತಿ ಪಟ್ಟಣದ ಮನೋವೈದ್ಯರ ಬಳಿ ಹೋಗಿಬರುತ್ತಿದ್ದಳು. ಮಾತ್ರೆ ಅವಳನ್ನು ಹಾಸಿಗೆಯಿಂದ ಎಬ್ಬಿಸಿತು, ಜೊತೆಗೆ ತೀರದ ಹಸಿವನ್ನೂ ಕೊಟ್ಟಿತು. ಬಟ್ಟಲಿನ ಅನ್ನ ಮುಗಿದ ಮೇಲೂ ಕೈ ತಣ್ಣನೆಯ ಗೆಣಸಿನತ್ತ ಹೋಗುತ್ತಿತ್ತು. ಕೊಬ್ಬು ನೀರಿಗಿಂತ ಹಗುರ. ಎಷ್ಟು ಕಾಲು ಬಡಿದರೂ ಅವಳು ತಳ ಮುಟ್ಟದಾದಳು.

ಉಡುಪು ಬದಲಿಸುವ ಕೋಣೆಯಲ್ಲಿ ರಬ್ಬರಂಗಿ ಹೊಟ್ಟೆಯ ಮೇಲೆ ಸಿಕ್ಕಿಕೊಂಡಾಗ ಪಕ್ಕದಲ್ಲಿದ್ದ ಚುನ್‌ಹ್ವಾ ಬಿಡಲಿಲ್ಲ.

"ಏನೇ ಇನ್‌ಜಾ, ಐವತ್ತಕ್ಕೆ ಬಸುರಿಯೇನೇ? ನಿನ್ನ ಗಂಡ ಭಾರೀ ಗಟ್ಟಿಗ ಬಿಡು!"

ಎಲ್ಲರೂ ನಕ್ಕರು. ಇನ್‌ಜಾ ಎಲ್ಲರಿಗಿಂತ ಜೋರಾಗಿ ನಕ್ಕಳು.

ಸೀಸ ಸಿಗುತ್ತಿದ್ದುದು ಬಂದರಿನ ಅಂಗಡಿಯಲ್ಲಿ. ಅಂಗಡಿ ಚುನ್‌ಹ್ವಾಳ ಸೊಸೆಯದು. ಹೋಗಿ ಕೇಳಿದರೆ, ಹೀಗೇಕೆ ಊದಿದೆ ಎಂದು ಅವರು ಕೇಳದೆ ಇರುತ್ತಾರೆಯೇ? ಅಂದು ದೊಡ್ಡಮ್ಮನ ಪಟ್ಟಿ ಬಿಗಿಯುವಾಗ ಇನ್‌ಜಾ ಅದರಿಂದ ಒಂದು ತುಂಡು ಜಾರಿಸಿ ತನ್ನ ಪಟ್ಟಿಗೆ ಪೋಣಿಸಿಕೊಂಡಳು. ದೊಡ್ಡಮ್ಮ ಮುಟ್ಟಿ ನೋಡುವವಳಲ್ಲ. ಇನ್‌ಜಾ ಕಟ್ಟಿದ ಮೇಲೆ ನೋಡುವುದೇನು? ಇವತ್ತೊಂದು ದಿನ ಎಂದುಕೊಂಡು ಇನ್‌ಜಾ ಮುಳುಗಿದಳು, ಚೀಲ ತುಂಬಿಕೊಂಡು ಬಂದಳು. ಮರುದಿನ ಆ ತುಂಡನ್ನು ಹಿಂದಿರುಗಿಸಲು ಮನಸ್ಸು ಬರಲಿಲ್ಲ. ಅದರ ಮರುದಿನವೂ.

ಈಗ ಕಾಲು ಬಡಿದು ಬಡಿದು ಅರ್ಧಕ್ಕೇ ಮೇಲೇಳುವ ಸರದಿ ದೊಡ್ಡಮ್ಮನದಾಯಿತು. ಅವಳ ಬಲೆಚೀಲ ನೀರಿನ ಮೇಲೆ ಖಾಲಿ ತೇಲುವುದನ್ನು ಇನ್‌ಜಾ ನೋಡಿಯೂ ನೋಡದಂತೆ ಇದ್ದಳು.

ವಾರದ ಕೊನೆಗೆ, ಬೆಂಕಿಯ ಸುತ್ತ ಮೈ ಕಾಯಿಸುತ್ತ ಕೂತಾಗ ದೊಡ್ಡಮ್ಮ ಹೇಳಿದಳು: "ನಾಳೆಯಿಂದ ನಾ ಬರಲ್ಲ ಕಣ್ರೇ. ಕಡಲು ನನ್ನ ಒಳಗೆ ಬಿಟ್ಕೊಳ್ತಿಲ್ಲ. ಒಣಗಿ ಬೆಂಡಾಗಿದೀನಿ."

"ಹೋಗ್ಲಿ ಬಿಡು ದೊಡ್ಡಮ್ಮ, ಎಷ್ಟು ವರ್ಷ ಅಂತ ಮುಳುಗ್ತೀಯ," ಎಂದಳು ಚುನ್‌ಹ್ವಾ, ಈ ಸಲ ನಗದೆ.

ದೊಡ್ಡಮ್ಮ ಪಟ್ಟಿಯನ್ನು ಇನ್‌ಜಾಳ ಮಡಿಲಿಗೆ ಇಟ್ಟಳು. "ತಗೋ ಮಗಾ, ನಿನ್ ಹತ್ರಾನೇ ಇರ್ಲಿ. ಇಷ್ಟು ದಿನ ಕಟ್ಟಿದ್ದು ನೀನೇ ಅಲ್ವಾ."

ಇನ್‌ಜಾಳಿಗೆ ಅದನ್ನು ಎತ್ತಲಾಗಲಿಲ್ಲ. ಸುಮ್ಮನಿದ್ದರೆ ಎಲ್ಲ ಮುಚ್ಚಿಹೋಗುತ್ತಿತ್ತು.

"ಇದ್ರಲ್ಲಿ ಒಂದು ತುಂಡು ಕಮ್ಮಿ ಇದೆ, ದೊಡ್ಡಮ್ಮ. ನಾನೇ ತೆಗ್ದೆ." ಅವಳು ಬೆಂಕಿಯನ್ನೇ ನೋಡುತ್ತಿದ್ದಳು. "ನಂಗೆ ಮುಳುಗೋಕಾಗ್ತಿರ್ಲಿಲ್ಲ. ಬೆನ್ನುನೋವು ಸುಳ್ಳು. ಮನಸ್ಸಿಗೆ ಮಾತ್ರೆ ತಗೋತಿದೀನಿ. ಅದ್ರಿಂದ್ಲೇ ಹೀಗೆ ಊದಿದ್ದು."

ದೊಡ್ಡಮ್ಮ ಕೈ ಚಾಚಿದಳು. ಇನ್‌ಜಾ ತನ್ನ ಪಟ್ಟಿಯಿಂದ ಆ ತುಂಡು ಬಿಚ್ಚಿ ಕೊಟ್ಟಳು.

"ಅಂದ್ರೆ ನಾ ಇನ್ನೂ ಮುಳುಗ್ತೀನಿ," ಎಂದಳು ದೊಡ್ಡಮ್ಮ, ತನಗೆ ತಾನೇ. ಆಮೇಲೆ ದನಿ ಏರಿತು. "ವಾರವೆಲ್ಲ ನನ್ನ ಕಥೆ ಮುಗೀತು ಅಂತ ಅಳ್ತಿದ್ದೆನಲ್ಲೇ, ಕಳ್ಳಿ! ಪಕ್ಕದಲ್ಲೇ ಕೂತು ನೋಡ್ತಿದ್ಯಲ್ಲೇ!"

ದೊಡ್ಡಮ್ಮ ಇನ್‌ಜಾಳ ಮಡಿಲಿನಿಂದ ತನ್ನ ಪಟ್ಟಿಯನ್ನು ಹಿಂದಕ್ಕೆಳೆದುಕೊಂಡಳು.

"ಮಾತ್ರೆ ಬಿಡ್ತೀಯೇನು?"

"ಬಿಟ್ರೆ ಮತ್ತೆ ಹಾಸಿಗೆ ಹಿಡೀತೀನಿ."

"ಹಾಗಾದ್ರೆ ಸೀಸ ಕೊಂಡ್ಕೋ. ಈಗ್ಲೇ ಹೋಗು. ನಾಳೆ ನಂಗೆ ಪಟ್ಟಿ ಕಟ್ಟೋಕೆ ಬೇಗ ಬಾ. ಈ ಸಲ ಎಣಿಸ್ತೀನಿ."

ಬಂದರಿನ ಅಂಗಡಿಯಲ್ಲಿ ಚುನ್‌ಹ್ವಾಳ ಸೊಸೆ ಸೀಸ ತೂಗುತ್ತ, "ಯಾರಿಗೆ ಚಿಕ್ಕಮ್ಮ?" ಎಂದಳು.

"ನಂಗೇ."

ಹುಡುಗಿಯ ಕಣ್ಣು ಅವಳ ಮುಖದಿಂದ ಹೊಟ್ಟೆಗಿಳಿದು, ಅಲ್ಲಿ ನಿಂತು, ಗಡಿಬಿಡಿಯಿಂದ ತಕ್ಕಡಿಗೆ ಹೋಯಿತು. ಇನ್‌ಜಾಳ ಕಿವಿಗಳು ಬಿಸಿಯಾದವು.

"ಒಂದು ಸಾಕಾ?"

ಇನ್‌ಜಾಳಿಗೆ ಆಗಲೇ ಹಸಿವಾಗುತ್ತಿತ್ತು.

"ಎರಡು ಕೊಡು," ಎಂದಳು.