ಧಣಿಗೆ ಬರೆದುಕೊಟ್ಟ ಮಾತ್ರೆ

“ಇದನ್ನ ಮಾತ್ರೆ ಅಂತ ಯಾರೇ ನಿಂಗೆ ಹೇಳಿದ್ದು? ಸುಣ್ಣದುಂಡೆ ಇದು! ಗಂಡನ್ನ ಸಾಯಿಸ್ಬೇಕು ಅಂತಿದ್ರೆ ತಿನ್ನಿಸು, ನನ್ನ ಹತ್ರ ಬರ್ಬೇಡ.”

ಸರ್ಕಾರಿ ಆಸ್ಪತ್ರೆಯವರು ಕೊಟ್ಟಿದ್ದ ಮಾತ್ರೆಯನ್ನು ಡಾಕ್ಟರು ಸತ್ತ ಇಲಿಯ ಬಾಲ ಹಿಡಿದಂತೆ ಹಿಡಿದು ಕಸದ ಬುಟ್ಟಿಗೆ ಎಸೆದರು. ನನ್ನ ಗಂಡ ಗೋಡೆಗೊರಗಿ ಕೆಮ್ಮುತ್ತಿದ್ದ. ಗೋದಾಮಿನಲ್ಲಿ ಬೂಸ್ಟು ಹಿಡಿದ ಜೋಳ ಗೋರುವುದು ನಮ್ಮಿಬ್ಬರ ಕೆಲಸ. ಆ ಬೂಸ್ಟು ಅವನ ಶ್ವಾಸಕೋಶದೊಳಗೂ ಸಂಸಾರ ಹೂಡಿತ್ತು. ಮತ್ತೆ ಕೆಲಸಕ್ಕೆ ಸೇರಬೇಕಾದರೆ ಈ ಡಾಕ್ಟರ ಚೀಟಿಯೇ ಬೇಕೆಂದು ನಮ್ಮ ಧಣಿಯ ಕಟ್ಟಪ್ಪಣೆ.

“ಸಾ, ಅದ್ರಲ್ಲೇ ಕೆಮ್ಮು ಎಷ್ಟೋ ಕಮ್ಮಿ ಆಗಿತ್ತು...”

“ಡಾಕ್ಟ್ರು ನೀನೋ, ನಾನೋ?”

ಆಗ ನನಗೂ ಆ ಬಗ್ಗೆ ಅನುಮಾನವಿರಲಿಲ್ಲ.

ದೊಡ್ಡ ಕಂಪನಿಯ ಮಾತ್ರೆ ಬರೆದರು. ಪಕ್ಕದಲ್ಲೇ ಅವರ ಭಾಮೈದನ ಔಷಧಿ ಅಂಗಡಿ. ನಮಗೆ ಅಲೆದಾಟ ತಪ್ಪಿಸುವಷ್ಟು ಕರುಣೆ. ಒಡವೆ ಇಡಬಹುದಾದಂಥ ಮಿರಮಿರ ಮಿಂಚುವ ಡಬ್ಬಿ. ಅದರ ಬೆಲೆಗೆ ಹೆದರಿ ಗಂಡ ಒಂದು ದಿನ ಮಾತ್ರೆ ನುಂಗುತ್ತಿದ್ದ, ಮರುದಿನ ಡಬ್ಬಿ ನೋಡಿ ಸಮಾಧಾನ ಪಡುತ್ತಿದ್ದ. ರೋಗ ಮಾತ್ರ ಒಂದು ದಿನವೂ ರಜಾ ಹಾಕಲಿಲ್ಲ. ಕೆಮ್ಮಿದರೆ ರಕ್ತ ಬೀಳತೊಡಗಿತು.

ಅಷ್ಟರಲ್ಲಿ ಧಣಿಗೂ ಕೆಮ್ಮು ಹತ್ತಿತು. ಬೂಸ್ಟಿಗೆ ಮರ್ಯಾದೆ ಗೊತ್ತಿಲ್ಲ ನೋಡಿ, ಯಾರು ಎಂಥವರು ಎಂದು ವಿಚಾರಿಸುವುದಿಲ್ಲ. ಡಾಕ್ಟರೇ ಕಾರು ಹತ್ತಿ ಗೋದಾಮಿನ ಆಫೀಸಿಗೆ ಬಂದರು. ನಾನು ಅಲ್ಲೇ ಕಸ ಗುಡಿಸುತ್ತಿದ್ದೆ. ಮೇಜಿನ ಮೇಲೆ ಅವರಿಟ್ಟದ್ದು ಅದೇ ಸುಣ್ಣದುಂಡೆ!

“ಇದು ಅಗ್ಗದ್ದಲ್ವೇನ್ರಿ ಡಾಕ್ಟ್ರೇ?” ಎಂದರು ಧಣಿ.

“ತಿಂಗಳುಗಟ್ಲೆ ತಗೋಬೇಕು ಸ್ವಾಮಿ, ನಿಮಗ್ಯಾಕೆ ಸುಮ್ನೆ ದಂಡ? ಒಳಗಿರೋ ಔಷಧಿ ಒಂದೇ. ಸರ್ಕಾರದೋರು ಪರೀಕ್ಷೆ ಮಾಡಿಯೇ ಹೊರಗೆ ಬಿಟ್ಟಿರ್ತಾರೆ. ಡಬ್ಬಿ ಮೇಲಿನ ಹೆಸರು ಬೇರೆ, ಅಷ್ಟೆ.”

ನಾನು ಬಗ್ಗಿದ್ದವಳು ನೆಟ್ಟಗಾದೆ. “ಮತ್ತೆ ನನ್ನ ಗಂಡನಿಗೆ ಅದು ಸುಣ್ಣ ಹೆಂಗಾಯ್ತು ಸಾ?”

ಡಾಕ್ಟರು ಕನ್ನಡಕ ಒರೆಸಿಕೊಂಡರು. ಧಣಿಯೇ ಉತ್ತರ ಕೊಟ್ಟರು: “ಏಯ್ ಬೇವರ್ಸಿ, ಕಸ ಹೊಡಿಯೇ ಬಾಯಿ ಮುಚ್ಕೊಂಡು!”

ಪೊರಕೆ ಅಲ್ಲೇ ಬಿಸಾಡಿ ಸೀದಾ ಡಾಕ್ಟರ ಕ್ಲಿನಿಕ್ಕಿಗೆ ನಡೆದೆ. ಜನ ಕಿಕ್ಕಿರಿದಿದ್ದರು. ಬಾಗಿಲಲ್ಲಿ ನಿಂತು ಕಂಡದ್ದು, ಕೇಳಿದ್ದು ಎಲ್ಲ ಹೇಳಿದೆ.

“ನಾಳೆ ನನ್ನ ಗಂಡನ್ನ ಮತ್ತೆ ಸರ್ಕಾರಿ ಆಸ್ಪತ್ರೆಗೇ ಕರ್ಕೊಂಡ್ ಹೋಗ್ತೀನಿ. ಉಳೀತಾನೋ ಇಲ್ವೋ ಗೊತ್ತಿಲ್ಲ. ನೀವು ಒಂದೇ ಮಾತು ಕೇಳಿ: ಧಣಿಗೆ ಕೊಟ್ಟಿದ್ದು ನಮಗ್ಯಾಕಿಲ್ಲ?”

ಕಾಂಪೌಂಡರ್ ನನ್ನ ರಟ್ಟೆ ಹಿಡಿದೆಳೆದ. “ಬಿಡೋ ಅವ್ಳನ್ನ, ಮುಂಡೇಮಗ್ನೆ!” ಎಂದು ಒಬ್ಬ ಮುದುಕಿ ಎದ್ದಳು. ಅವಳ ಹಿಂದೆ ಗಾರೆ ಕೆಲಸದವನು ಎದ್ದ. ಅವನ ಹಿಂದೆ ಇನ್ನೂ ಕೆಲವರು. ಎಲ್ಲ ಬಂದು ಬಾಗಿಲಲ್ಲಿ ನನ್ನ ಪಕ್ಕ ನಿಂತರು.

ಹೊರಗೆ ಡಾಕ್ಟರ ಕಾರು ಬಂದು ಹಾರ್ನ್ ಹೊಡೆಯಿತು. ಬಾಗಿಲು ಬಿಟ್ಟು ಯಾರೂ ಕದಲಲಿಲ್ಲ.