ಕಂಡಕ್ಟರಮ್ಮನ ಜೀನ್ ಪರೀಕ್ಷೆ

ಬಸ್ಸಿನ ಕಂಡಕ್ಟರಮ್ಮನ ದನಿ ಅಂದರೆ ಹಿಂದಿನ ಸೀಟಿನಲ್ಲಿ ಗೊರಕೆ ಹೊಡೆಯುವವರೂ ಎದ್ದು ಕೂರಬೇಕು. ಅಂಥವಳಿಗೆ ಎರಡು ತಿಂಗಳಿಂದ ಬಿಡದ ಕೆಮ್ಮು. ಸ್ಟಾಪಿನ ಹೆಸರು ಅರ್ಧ ಹೇಳುವಷ್ಟರಲ್ಲಿ ಕೆಮ್ಮು ಒತ್ತರಿಸಿ ಬರುತ್ತಿತ್ತು. ಉಳಿದರ್ಧ ಪ್ರಯಾಣಿಕರೇ ಕೂಗುತ್ತಿದ್ದರು. ಶುಂಠಿ ಆಯಿತು, ಜೇನುತುಪ್ಪ ಆಯಿತು, ಮೂರು ಬಾಟಲಿ ಸಿರಪ್ಪೂ ಆಯಿತು. ಒಂದು ಬೆಳಿಗ್ಗೆ ಕಫದಲ್ಲಿ ರಕ್ತದ ಗೆರೆ ಕಂಡಿತು. ಬಡಗಿ ಕೆಲಸದ ಗಂಡ ಕೈಲಿದ್ದ ಉಳಿ ಅಲ್ಲೇ ಬಿಟ್ಟು ಆಸ್ಪತ್ರೆಗೆ ಕರೆದೊಯ್ದ.

ಸ್ಕ್ಯಾನ್ ಮಾಡಿದರು, ಎದೆಯೊಳಗೆ ಗಡ್ಡೆ ಕಂಡಿತು. ಸೂಜಿ ಹಾಕಿ ಗಡ್ಡೆಯ ಚೂರು ತೆಗೆದರು. ಶ್ವಾಸಕೋಶದ ಕ್ಯಾನ್ಸರ್. ಮೂಳೆಗೂ ಹರಡಿತ್ತು.

"ಬೀಡಿ ಸಿಗರೇಟು ಮುಟ್ಟಿದವಳೇ ಅಲ್ಲ ಡಾಕ್ಟ್ರೇ!" ಅಂದ ಬಡಗಿ.

"ಸೇದದವರಿಗೂ ಬರುತ್ತಪ್ಪಾ. ಗಡ್ಡೆಯ ಜೀನ್ ಪರೀಕ್ಷೆ ಮಾಡಿಸೋಣ. ಆದರೆ ತೆಗೆದ ಚೂರು ಸಾಲದು, ಇನ್ನೊಮ್ಮೆ ಚುಚ್ಚಬೇಕು. ಉತ್ತರ ಬರೋಕೆ ಎರಡು ವಾರ ಆಗುತ್ತೆ. ಅಷ್ಟು ದಿನ ಕಾಯಬಹುದು, ಗಾಬರಿ ಬೇಡ."

ಬಡಗಿ ಮನೆಗೆ ಬಂದವನೇ ಸಿಡಿದುಬಿದ್ದ. "ಮನೆಗೆ ಬೆಂಕಿ ಬಿದ್ದಾಗ ಪರೀಕ್ಷೆ ಅಂತೆ! ಚುಚ್ಚಿದಷ್ಟೂ ರೋಗ ಹರಡುತ್ತೆ ಅಂತಾರೆ ಜನ."

ಅವನ ಅಕ್ಕ ದನಿ ತಗ್ಗಿಸಿದಳು. "ಜೀನ್ ಅಂದ್ರೆ ವಂಶದ್ದಲ್ವೇನೋ? ಊರಿಗೆಲ್ಲ ಗೊತ್ತಾದ್ರೆ ನಾಳೆ ನಿನ್ನ ಮಗಳನ್ನ ಯಾರು ಮದುವೆ ಆಗ್ತಾರೆ?"

ಆ ಮಾತು ಬಡಗಿಯ ಎದೆಗೆ ನಾಟಿತು. ಅಷ್ಟರಲ್ಲಿ ಕೂಗಾಟ ಕೇಳಿ ಮಹಡಿ ಮನೆಯ ನರ್ಸಮ್ಮ ಇಳಿದುಬಂದು ವಿಷಯ ತಿಳಿದುಕೊಂಡಳು. ಕ್ಯಾನ್ಸರ್ ವಾರ್ಡಿನಲ್ಲಿ ಹತ್ತು ವರ್ಷ ಪಳಗಿದವಳು.

"ಅಣ್ಣಾ, ಸೂಜಿಯಿಂದ ರೋಗ ಹರಡುತ್ತೆ ಅನ್ನೋ ಭಯ ಬಿಡಿ. ಅಕ್ಕಾ, ಈ ಜೀನ್ ದೋಷ ಸಾಮಾನ್ಯವಾಗಿ ಅಪ್ಪ ಅಮ್ಮನಿಂದ ಬಂದದ್ದಲ್ಲ, ಮಕ್ಕಳಿಗೆ ಹೋಗೋದೂ ಅಲ್ಲ. ಆ ಗಡ್ಡೆಯ ಒಳಗೇ ಆದ ಬದಲಾವಣೆ. ಯಾವ ಬದಲಾವಣೆಯಿಂದ ಗಡ್ಡೆ ಬೆಳೀತಿದೆ ಅಂತ ಗೊತ್ತಾದ್ರೆ ಅದನ್ನೇ ಗುರಿಯಿಟ್ಟು ತಡೆಯೋ ಮಾತ್ರೆ ಕೊಡಬಹುದು."

"ಎಲ್ಲರಿಗೂ ಸಿಗುತ್ತಾ ಆ ಮಾತ್ರೆ?"

"ಇಲ್ಲ ಅಣ್ಣಾ, ಸುಳ್ಳು ಹೇಳಲ್ಲ. ಬದಲಾವಣೆ ಸಿಗದಿದ್ರೆ ಬೇರೆ ಚಿಕಿತ್ಸೆಗಳಿವೆ. ಆದರೆ ಪರೀಕ್ಷೆ ಮಾಡಿಸದೆ ಹೋದ್ರೆ ಇದ್ದ ಅವಕಾಶವೂ ಕೈತಪ್ಪುತ್ತೆ."

ಬಡಗಿ ಮತ್ತೆ ಬಾಯಿ ತೆರೆದ. ಮೂಲೆಯಲ್ಲಿ ಕೂತಿದ್ದ ಕಂಡಕ್ಟರಮ್ಮ ಕೈ ಎತ್ತಿದಳು.

"ರೀ, ಚುಚ್ಚೋದು ನನ್ನ ಎದೆಗೆ. ಹೆದರೋದು ನೀವು. ಇದೆಂಥ ನ್ಯಾಯ? ನಾಳೆ ಹೋಗೋಣ."

ಕೆಮ್ಮಿನ ನಡುವೆಯೂ ಅವಳು ನಕ್ಕಳು. ಬಡಗಿಗೆ ಅಳು ಬಂತು, ಆದರೆ ಮರುದಿನ ಎಲ್ಲರಿಗಿಂತ ಮೊದಲು ಚಪ್ಪಲಿ ಮೆಟ್ಟಿದವನೂ ಅವನೇ.

ಆ ಎರಡು ವಾರ ಅವನಿಗೆ ಎರಡು ಯುಗ. ಒಂದೇ ಹಲಗೆಯನ್ನು ಕೀಸಿ ಕೀಸಿ ಹಪ್ಪಳ ಮಾಡಿದ. ಹದಿನಾರನೇ ದಿನ ಡಾಕ್ಟರು ಕರೆದರು. "ಬದಲಾವಣೆ ಸಿಕ್ಕಿದೆ. ಇದಕ್ಕೆ ಮಾತ್ರೆ ಇದೆ. ದಿನಕ್ಕೊಂದು, ಮನೇಲೇ ನುಂಗಬಹುದು."

ಮಾತ್ರೆ ಶುರುವಾದ ಮೊದಲಿಗೆ ಮುಖದ ತುಂಬ ಗುಳ್ಳೆ ಎದ್ದವು, ಹೊಟ್ಟೆ ಕೆಟ್ಟಿತು. ನರ್ಸಮ್ಮ ಹೇಳಿದ್ದಳು, "ಮಾತ್ರೆ ನಿಲ್ಲಿಸಬೇಡಿ, ಡಾಕ್ಟರಿಗೆ ಫೋನ್ ಮಾಡಿ." ಹಾಗೇ ಮಾಡಿದರು, ತಹಬಂದಿಗೆ ಬಂತು. ಮೂರು ತಿಂಗಳ ನಂತರ ಸ್ಕ್ಯಾನಿನಲ್ಲಿ ಗಡ್ಡೆ ಅರ್ಧಕ್ಕಿಂತ ಚಿಕ್ಕದಾಗಿತ್ತು. ಪೂರ್ತಿ ಹೋಗಿಲ್ಲ, ತಪಾಸಣೆ ತಪ್ಪಿಸುವಂತಿಲ್ಲ. ಆದರೂ ಕಂಡಕ್ಟರಮ್ಮ ಈಗ ಡಿಪೋದ ವಿಚಾರಣೆ ಕಿಟಕಿಯಲ್ಲಿ ಕೂತು, ತಡವಾಗಿ ಬರುವ ಡ್ರೈವರುಗಳಿಗೆಲ್ಲ ನೀರಿಳಿಸುತ್ತಾಳೆ.

ನಿಮ್ಮ ಮನೆಯಲ್ಲೂ ಯಾರಿಗಾದರೂ ಮೂರು ವಾರ ದಾಟಿದ ಕೆಮ್ಮಿದೆಯೇ? ಕಫದಲ್ಲಿ ರಕ್ತವೇ? ಸೇದುವವರಾಗಲಿ, ಸೇದದವರಾಗಲಿ, ಇವತ್ತೇ ತೋರಿಸಿ. ಶ್ವಾಸಕೋಶದ ಕ್ಯಾನ್ಸರ್ ಅಂತ ಗೊತ್ತಾದರೆ, "ಡಾಕ್ಟ್ರೇ, ಗಡ್ಡೆಯ ಜೀನ್ ಪರೀಕ್ಷೆ ನಮಗೆ ಬೇಕಾ?" ಅಂತ ಬಾಯಿಬಿಟ್ಟು ಕೇಳಿ. ಖರ್ಚಿಗೆ ನೆರವು ಇದೆಯೇ ಅಂತಲೂ ವಿಚಾರಿಸಿ. ಕೇಳುವುದು ಅಧಿಕಪ್ರಸಂಗವಲ್ಲ. ನಿಮ್ಮವರ ಜೀವದ ಪ್ರಶ್ನೆ, ನೀವೇ ಕೇಳಬೇಕು.