ಗೋವಿನಜೋಳದ ನಡುವೆ

ತಿಳವಳ್ಳಿಯ ಉಡಚಪ್ಪ ಸಾರಿಗೆ ಬಸ್ಸಿನ ಡ್ರೈವರ್. ಊರಾಚೆಯ ಹೊಲ ಅವನ ಹೆಸರಿನಲ್ಲಿತ್ತು, ಅದರಲ್ಲಿ ದುಡಿಯುವವನು ಮಾತ್ರ ತಮ್ಮ ಉಳವಪ್ಪ. ಇಬ್ಬರದೂ ಒಂದೇ ಮನೆ, ಒಂದೇ ಒಲೆ. ಉಡಚಪ್ಪನ ಹೆಂಡತಿ ಕರೆವ್ವ ಮದುವೆಯಾಗಿ ಆ ಮನೆಗೆ ನಡೆಯಲು ಬಂದಾಗ ಉಳವಪ್ಪ ಇನ್ನೂ ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದ. ಅವಳ ಕೈಯ ರೊಟ್ಟಿ ತಿಂದೇ ಬೆಳೆದವನು.

ಮಳೆ ಹಿಂದೆ ಸರಿದ ದಿನಗಳವು. ಒಂದು ಸಂಜೆ ಮೂವರೂ ಉಣ್ಣಲು ಕುಳಿತಿದ್ದರು. ಟಿವಿಯಲ್ಲಿ ನಾಲ್ಕಾರು ಮಂದಿ ಒಬ್ಬರ ಮೇಲೊಬ್ಬರು ಒದರುತ್ತಿದ್ದರು. ಗಾಂಜಾ ಸೇದುವುದಕ್ಕೆ, ಮಾರುವುದಕ್ಕೆ ಸರ್ಕಾರ ಪರವಾನಗಿ ಕೊಡಬೇಕೋ ಬೇಡವೋ ಎಂಬುದು ಅವರ ವಾದ.

"ಕೊಡಬೇಕು," ಅಂದ ಉಳವಪ್ಪ, ಬಾಯಲ್ಲಿ ತುತ್ತು ಇಟ್ಟುಕೊಂಡೇ. "ಸೆರೆ ಕುಡದು ಎಷ್ಟ ಮನಿ ಹಾಳಾದ್ವು? ಅದಕ್ಕ ಸರ್ಕಾರನ ಲೈಸನ್ಸ್ ಕೊಡತೈತಿ. ಮತ್ತ ಒಂದ ಗಿಡಕ್ಕ ಯಾಕ ಜೇಲು?"

"ನೀ ಬಸ್ ಹೊಡದು ನೋಡು," ಅಂದ ಉಡಚಪ್ಪ. "ಮೊನ್ನೆ ಬಂಕಾಪುರದ ಹತ್ರ ಒಬ್ಬಾವ ಬೈಕ್ ಮ್ಯಾಲೆ ನನ್ನ ಎದುರಿಗೇ ಬಂದ. ಹಾರ್ನ್ ಹೊಡದ್ರ ನನ್ನ ಮುಖಾ ನೋಡಿ ನಕ್ಕ. ಗಾಡಿ ತುಂಬ ಮಂದಿ ಇದ್ರು. ಆ ಕಣ್ಣು ನೋಡಿದ್ರ ನೀ ಹಿಂಗ ಮಾತಾಡತಿದ್ದಿಲ್ಲ. ಅಂಗಡ್ಯಾಗ ಮಾರಾಕ ಬಿಟ್ರ ಅಂಥಾವ್ರು ಎಷ್ಟ ಮಂದಿ ಆದಾರು?"

"ಅಂಗಡ್ಯಾಗ ಇಲ್ಲದಾಗೂ ಅವಗ ಸಿಕ್ಕೈತೆಲ್ಲ ಅಣ್ಣ."

ಕರೆವ್ವನಿಗೆ ಆ ಗಿಡ ಹೊಸದಲ್ಲ. ಅವಳ ತವರು ದುಂಡಸಿಯಲ್ಲಿ ಮಠದ ಹಿತ್ತಿಲಿನ ತುಳಸಿಯ ಪಕ್ಕದಲ್ಲೇ ಭಂಗಿಯ ಗಿಡ ಇರುತ್ತಿತ್ತು. ಸಾಧುಗಳು ಬಂದಾಗ ಚಿಲುಮೆಗೆ ಹಾಕುತ್ತಿದ್ದರು. ಎತ್ತಿನ ಹೊಟ್ಟೆ ಉಬ್ಬರಿಸಿದರೆ ಅವಳಪ್ಪ ನಾಲ್ಕು ಎಲೆ ಕಿತ್ತು ತಂದು ಅರೆದು ಕುಡಿಸುತ್ತಿದ್ದ. ಅದನ್ನು ನೋಡಿ ಅಂಜಿದವರನ್ನು ಅವಳು ಕಂಡಿರಲಿಲ್ಲ. ಮೈದುನ ಈ ಮಾತಿಗೆ ಇಷ್ಟು ಬಿಸಿಯಾದದ್ದೇಕೆ ಎಂದು ಮಾತ್ರ ಅನ್ನಿಸಿತು. ಸಾರು ಬಡಿಸಲು ಎದ್ದಾಗ ಅದೂ ಮರೆತುಹೋಯಿತು.

ಎರಡು ದಿನ ಬಿಟ್ಟು ಅವಳು ಹೊಲದ ಬದುವಿನಲ್ಲಿ ಹುಲ್ಲು ಕೊಯ್ಯಲು ಹೋದಳು. ಜೊತೆಗಿದ್ದ ಕರು ಕಣ್ಣಿ ಹರಿದುಕೊಂಡು ಗೋವಿನಜೋಳದೊಳಗೆ ನುಗ್ಗಿತು. ಬೆಳೆ ಆಳೆತ್ತರ ಮೀರಿತ್ತು. ಕರೆವ್ವ ಕೈಯಿಂದ ಎಲೆ ಸರಿಸುತ್ತ, ಕರುವಿನ ಸದ್ದಿನ ಜಾಡು ಹಿಡಿದು ಒಳಗೊಳಗೆ ನಡೆದಳು. ನಟ್ಟನಡುವೆ ಜೋಳದ ದಂಟು ಇರಲೇ ಇಲ್ಲ. ಒಂದು ಕಣದಷ್ಟು ಜಾಗದಲ್ಲಿ ಬೇರೆಯೇ ಹಸಿರು ನಿಂತಿತ್ತು. ಕೈಬೆರಳಿನಂಥ ಎಲೆ, ತುದಿಯಲ್ಲಿ ಅಂಟು ಹಿಡಿದ ಹೂಗೊಂಚಲು, ಮೂಗಿಗೆ ಅಡರುವ ವಾಸನೆ. ಹಿತ್ತಿಲಲ್ಲಿ ಕಂಡಿದ್ದ ಗಿಡ ಒಂದು. ಇಲ್ಲಿ ಇದ್ದವು ನೂರಾರು.

ಅವಳು ಕರುವಿನ ಕೊರಳು ಹಿಡಿದು ಎಳೆದುಕೊಂಡು ಹೊರಗೆ ಬಂದಳು. ಹುಲ್ಲಿನ ಹೊರೆ ಬದುವಿನ ಮೇಲೇ ಉಳಿಯಿತು.

ಗಂಡ ಡ್ಯೂಟಿ ಮುಗಿಸಿ ಬಂದಾಗ ಬಾಗಿಲು ಮುಂದೆ ಮಾಡಿ ಹೇಳಿದಳು. ಉಡಚಪ್ಪ ಖಾಕಿ ಅಂಗಿಯ ಗುಂಡಿ ಬಿಚ್ಚುತ್ತಿದ್ದವನು ಹಾಗೇ ನಿಂತುಬಿಟ್ಟ.

"ಹೊಲದ ಉತಾರದಾಗ ಹೆಸರು ನಂದೈತಿ," ಅಂದ. "ನೌಕರಿ ಹೋಗತೈತಿ, ನಾನೂ ಜೇಲಿಗೆ ಹೋಗ್ತೇನಿ."

"ಅವನ್ನ ಕರದು ಕೇಳ್ರಿ. ಇವತ್ತ ಕಿತ್ತು ಹಾಕ್ಸ್ರಿ."

"ಅವ ಒಬ್ಬನ ಮಾಡಿದ್ದಲ್ಲ ಇದು. ಹಿಂದ ಯಾರೋ ಅದಾರ. ನೀ ಏನೂ ನೋಡಿಲ್ಲ. ನಾ ಹೊತ್ತು ನೋಡಿ ಕೇಳ್ತೇನಿ."

ಆ ಹೊತ್ತು ಬರಲಿಲ್ಲ. ಉಡಚಪ್ಪ ಮುಂಜಾನೆ ತಮ್ಮ ಏಳುವ ಮೊದಲೇ ಮನೆ ಬಿಡತೊಡಗಿದ, ಬಂದಮೇಲೆ ಗೋಡೆಗೆ ಮುಖ ಮಾಡಿ ಮಲಗಿದ. ಉಳವಪ್ಪ ಎಂದಿನಂತೆ ಎಮ್ಮೆ ಹಿಂಡಿದ, ಎಂದಿನಂತೆ ಅವಳಿಗೆ ನೀರು ಸೇದಿಕೊಟ್ಟ. ಬೀದಿಯಲ್ಲಿ ಜೀಪಿನ ಸದ್ದು ಕೇಳಿದರೆ ಕರೆವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನೋಡುತ್ತಿದ್ದಳು.

ಆಗ ಪಕ್ಕದ ಮನೆಯ ಚಾಂದಬಿ ಫೋನಿನಲ್ಲಿ ಒಂದು ಫೋಟೋ ತೋರಿಸಿದಳು. ಹಿರೇಕೆರೂರಿನ ಕಡೆ ಯಾವುದೋ ಹೊಲದಲ್ಲಿ ಪೊಲೀಸರು ಗಾಂಜಾ ಹಿಡಿದಿದ್ದರು. ಕಿತ್ತ ಗಿಡಗಳ ರಾಶಿ, ಹಿಂದೆ ಸಾಲಾಗಿ ನಿಂತ ಪೊಲೀಸರು, ಮುಂದೆ ಕುಕ್ಕರುಗಾಲಲ್ಲಿ ಕೂತ ಒಬ್ಬ ಮುದುಕ. ತಲೆಯ ರುಮಾಲು ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡಿದ್ದ.

"ಪಾಪ, ಇಂವಗ ಏನ ಗೊತ್ತಿತ್ತೋ ಇಲ್ಲೋ," ಅಂದಳು ಚಾಂದಬಿ. "ಜಾಮೀನೂ ಲಗೂನ ಸಿಗೂದಿಲ್ಲಂತ ಅಕ್ಕ, ಈ ಕೇಸಿನಾಗ."

ಕರೆವ್ವನಿಗೆ ಆ ಮುದುಕನ ಜಾಗದಲ್ಲಿ ಖಾಕಿ ಅಂಗಿಯ ಗಂಡ ಕಂಡ. ಮರುದಿನ ಮುಂಜಾನೆ, ಉಳವಪ್ಪ ಹಾನಗಲ್ಲಿಗೆ ಗೊಬ್ಬರ ತರಲು ಹೋದನೆಂದು ಖಾತ್ರಿ ಮಾಡಿಕೊಂಡು, ಬುಟ್ಟಿ ಹಿಡಿದು ಹೊಲಕ್ಕೆ ನಡೆದಳು.

ಗಿಡ ಕೀಳುವುದು ಅಂದುಕೊಂಡಷ್ಟು ಸುಲಭವಿರಲಿಲ್ಲ. ಬೇರು ಆಳಕ್ಕೆ ಇಳಿದಿದ್ದವು. ಅಂಟು ಅಂಗೈಗೆ ಮೆತ್ತಿ ಕಪ್ಪಾಯಿತು. ಒಂದೊಂದು ಗಿಡ ಕೈಗೆ ಬಂದಾಗಲೂ, ಇಲ್ಲಿಯವರೆಗೆ ಇದು ಮಣ್ಣಿನದಾಗಿತ್ತು, ಈಗ ನನ್ನದಾಯಿತು ಎಂದು ಅನ್ನಿಸುತ್ತಿತ್ತು. ಸುಟ್ಟರೆ ಊರಿಗೆಲ್ಲ ನಾರುತ್ತದೆ. ಬಾವಿಗೆ ಎಸೆದರೆ ತೇಲುತ್ತದೆ. ಅರ್ಧ ಕಿತ್ತಮೇಲೆ ಅವಳಿಗೆ ಇದೆಲ್ಲ ಹೊಳೆಯಿತು.

ಅಷ್ಟರಲ್ಲಿ ದಂಟು ಸರಿದಾಡಿದ ಸದ್ದು. ಗಂಡಸರ ಧ್ವನಿ. ಕರೆವ್ವ ಪಕ್ಕದ ಸಾಲಿಗೆ ನುಸುಳಿ ನೆಲಕ್ಕೆ ಬೋರಲು ಬಿದ್ದಳು.

ಬಂದವನು ಉಳವಪ್ಪ, ಗೊಬ್ಬರದ ಮಾತು ಸುಳ್ಳಾಗಿತ್ತು. ಅವನ ಹಿಂದೆ ಈ ಸೀಮೆಯವರಲ್ಲದ ಇಬ್ಬರು. ಒಬ್ಬ ದಪ್ಪನೆಯವನು, ಇನ್ನೊಬ್ಬ ಬಿಳಿ ಬೂಟು ಹಾಕಿದವನು. ಕಿತ್ತು ಬಿದ್ದ ಗಿಡ ಕಂಡು ಮೂವರೂ ನಿಂತರು.

"ಏನಿದು?" ಅಂದ ಬಿಳಿ ಬೂಟಿನವನು.

ಉಳವಪ್ಪ ನೆಲ ನೋಡಿದ. ಅವಳ ಬುಟ್ಟಿ ಅಲ್ಲೇ ಇತ್ತು. ಅವನ ಕಣ್ಣು ಬುಟ್ಟಿಯಿಂದ ಜೋಳದ ಬುಡಕ್ಕೆ ಬಂತು, ಬುಡದಿಂದ ಅವಳ ಸೀರೆಗೆ, ಸೀರೆಯಿಂದ ಅವಳ ಮುಖಕ್ಕೆ. ಅವನು ಒಂದು ಹೆಜ್ಜೆ ಸರಿದು ಬುಟ್ಟಿಗೂ ಅವಳಿಗೂ ಅಡ್ಡ ನಿಂತ.

"ನಾನ ಕಿತ್ತೇನಿ," ಅಂದ.

"ಯಾಕೆ?"

"ಅಂಜಿಕಿ ಬಂತ್ರಿ. ನಮ್ಮಣ್ಣನ ನೌಕರಿ ಹೋಗತೈತಿ. ಉಳಿದಿದ್ದೂ ಕೀಳಾವ ಅದೇನಿ. ಅದನ್ನ ಹೇಳಾಕ ನಿಮ್ಮನ್ನ ಕರಕೊಂಡ ಬಂದೆ."

ಮೊದಲ ಏಟು ಕಿವಿಯ ಮೇಲೆ ಬಿತ್ತು. ಆಮೇಲಿನವನ್ನು ಕರೆವ್ವ ನೋಡಲಿಲ್ಲ, ಕೇಳಿದಳು ಅಷ್ಟೆ. ಬಾಯಿಗೆ ಸೆರಗು ತುರುಕಿಕೊಂಡಿದ್ದಳು. ಏಳಬೇಕು, ಒದರಬೇಕು ಅಂದುಕೊಂಡಳು. ಮೈ ನೆಲ ಬಿಟ್ಟು ಮೇಲೇಳಲಿಲ್ಲ. ಉಳವಪ್ಪ ಒಮ್ಮೆಯೂ ಅವಳಿದ್ದ ಕಡೆ ತಿರುಗಲಿಲ್ಲ, ಅವ್ವಾ ಎಂದು ಕೂಡ ಅನ್ನಲಿಲ್ಲ.

"ಪೊಲೀಸರಿಗೆ ನಾವೇ ಫೋನ್ ಮಾಡ್ತೀವಿ," ಅಂತ ದಪ್ಪನೆಯವನು ಹೇಳಿದ್ದು ಕೇಳಿಸಿತು. ಬೂಟಿನ ಸದ್ದು ದೂರವಾಯಿತು. ಆಚೆ ಬೈಕು ಶುರುವಾಯಿತು.

ಅವಳು ತೆವಳಿಕೊಂಡು ಹತ್ತಿರ ಹೋದಾಗ ಅವನು ಎದ್ದು ಕೂತಿದ್ದ. ಕಿವಿಯಿಂದ ರಕ್ತ ಇಳಿಯುತ್ತಿತ್ತು.

"ನಾ ಎದ್ದು ಬರಲಿಲ್ಲೋ ಉಳವಪ್ಪ," ಅಂದಳು.

"ಚಲೋ ಮಾಡಿದ್ರಿ. ಲಗೂನ ಕೀಳ್ರಿ ವೈನಿ. ಅವ್ರು ಫೋನ್ ಮಾಡೇ ಮಾಡ್ತಾರ."

ಇಬ್ಬರೂ ಸೇರಿ ಉಳಿದದ್ದನ್ನು ಕಿತ್ತರು. ಮತ್ತೆ ಮತ್ತೆ ಬುಟ್ಟಿಗೆ ತುಂಬಿ, ಮೇಲೆ ಹಸಿ ಹುಲ್ಲು ಹೊದಿಸಿ, ಹೊಲದ ಮೂಲೆಯ ತಿಪ್ಪೆಗೆ ಒಯ್ದರು. ಸಗಣಿ ಅಗೆದು, ಕಾವು ಬರುವ ಆಳದಲ್ಲಿ ಗಿಡ ತುಳಿದು ಮುಚ್ಚಿದರು. ಹೊರೆ ಹೊತ್ತು ಹೋಗುವಾಗ ಪಕ್ಕದ ಹೊಲದಿಂದ ಯಾರೋ "ಏನ್ ಕರೆವ್ವ, ಇವತ್ತ ಹೊರಿ ದೊಡ್ಡದೈತಿ" ಅಂದರು. ಅವಳು ನಕ್ಕಳು. ಆ ನಗು ಎಲ್ಲಿಂದ ಬಂತೋ ಅವಳಿಗೇ ತಿಳಿಯಲಿಲ್ಲ.

ಮಾರನೇ ದಿನ ಜೀಪು ಬಂತು. ಉಡಚಪ್ಪನನ್ನು ಡ್ಯೂಟಿಯಿಂದಲೇ ಕರೆಸಿದ್ದರು. ಪೊಲೀಸರು ಸಾಲು ಸಾಲು ಹೊಕ್ಕು ನಡುವಿನ ಬಯಲು ನೋಡಿದರು.

"ಇಲ್ಲೇನಿತ್ತು?" ಅಂದ ಸಾಹೇಬ.

ಉಡಚಪ್ಪ ಹೆಂಡತಿಯ ಮುಖ ನೋಡಿದ.

"ಮೆಣಸಿನ ಅಗಿ ಹಚ್ಚಿದ್ವಿರಿ," ಅಂದಳು ಕರೆವ್ವ. "ನೀರು ನಿಂತು ಕೊಳತು ಹ್ವಾದ್ವು. ನಿನ್ನೆ ಕಿತ್ತಿವಿ."

ಸಾಹೇಬ ಉಳವಪ್ಪನ ಬಾತ ಮುಖ ನೋಡಿದ. ಅವಳ ಕೈ ಸೆರಗಿನೊಳಗಿದ್ದವು. ಬೂದಿ, ಚಿಮಣಿ ಎಣ್ಣೆ ಹಚ್ಚಿ ತಿಕ್ಕಿದರೂ ಕಪ್ಪು ಪೂರ್ತಿ ಹೋಗಿರಲಿಲ್ಲ. ಕೈ ತೋರಿಸು ಅನ್ನುತ್ತಾನೆ, ಈಗ ಅನ್ನುತ್ತಾನೆ ಎಂದು ಅವಳು ಕಾದಳು. ಅವನು ಅನ್ನಲಿಲ್ಲ. ಬದುವಿನ ಮೇಲೆ ನಿಂತು ಬಹಳ ಹೊತ್ತು ಹೊಲ ನೋಡಿ, "ಕಣ್ಣಿಟ್ಟಿರ್ತೀವಿ" ಎಂದು ಹೇಳಿ ಜೀಪು ಹತ್ತಿದ.

ಉಳವಪ್ಪನ ಎಡಗಿವಿ ಆಮೇಲೆ ಕೇಳಿಸದಾಯಿತು. ಅದು ಇನ್ನು ಸರಿಹೋಗುವುದಿಲ್ಲ ಎಂದು ಹಾವೇರಿಯ ಡಾಕ್ಟರು ಅಂದುಬಿಟ್ಟರು. ಒಂದು ದಿನ ಅವನು ಬಲಗಿವಿ ಅವಳ ಕಡೆ ಮಾಡಿ ಕಟ್ಟೆಯ ಮೇಲೆ ಕೂತು ಹೇಳಿದ:

"ಬೀಜ ಅವ್ರ ಕೊಟ್ರು ವೈನಿ. ಇನ್ನೊಂದ ವರ್ಷಕ್ಕ ಇದಕ್ಕೂ ಲೈಸನ್ಸ್ ಕೊಡೂ ಕಾಯ್ದೇನ ಆಗತೈತಿ, ಆಗ ಅಂಜೂದೇನೈತಿ ಅಂದ್ರು. ನಂಬಿದೆ. ಕಾಯ್ದೆ ಆಗಿದ್ರ ಅಂಥಾ ಮಂದಿ ನಮ್ಮ ಹೊಲಕ್ಕ ಬರತಿದ್ದಿಲ್ಲ. ಈಗೂ ಹಂಗ ಅನಿಸತೈತಿ."

"ಬರತಿದ್ದಿಲ್ಲೋ ಏನೋ," ಅಂದಳು ಕರೆವ್ವ. "ನಿಮ್ಮಣ್ಣ ಹೇಳೂದೂ ಸುಳ್ಳಲ್ಲ. ಅದನ್ನ ದೊಡ್ಡವ್ರು ಯೋಚನಿ ಮಾಡ್ಲಿ. ನೀ ನನಗ ಹೇಳಬೇಕಿತ್ತು."

ಅವನು ತಲೆ ತಗ್ಗಿಸಿದ. ಕೇಳಿಸಿತೋ ಇಲ್ಲವೋ ಎಂದು ಅವಳು ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ ಹೇಳಿದಳು.

ಮುಂದಿನ ಮುಂಗಾರಿಗೆ ಅವಳು ಹಟ ಹಿಡಿದು ಸೋಯಾ ಬಿತ್ತಿಸಿದಳು. ಮೊಣಕಾಲೆತ್ತರ ಬರುವ ಬೆಳೆ. ರಸ್ತೆಯಲ್ಲಿ ನಿಂತರೆ ಆಚೆ ಬದುವಿನವರೆಗೂ ಕಾಣುತ್ತದೆ. ಕಳೆ ತೆಗೆಯಲು ಹೋದಾಗ ಯಾವುದಾದರೂ ಬೈಕು ರಸ್ತೆಯ ಮೇಲೆ ನಿಧಾನವಾದರೆ ಸಾಕು, ಈಗಲೂ ಅವಳ ಕೈಯ ಕುರ್ಚಗಿ ನಿಲ್ಲುತ್ತದೆ. ಅದು ಮುಂದೆ ಹೋಗುವವರೆಗೂ ಅವಳು ತಲೆ ಎತ್ತುವುದಿಲ್ಲ.